ಚೌಕ ಬರೆಯೋದು ಸುಲಭ, ಪೆಂಡಾಲ್ ಕಂಬ ಹೂಳೋದೆಲ್ಲಿ?

ಗದಗ ಜಿಲ್ಲೆಯ ಒಂದು ಹಳ್ಳಿ. ಮೇ ತಿಂಗಳು, ಬೆಳಿಗ್ಗೆ ಹತ್ತೂವರೆ. ಎರೆಹೊಲದ ಅಂಚಿನ ಜಾಗದಲ್ಲಿ ನಾನು, ಮೇಸ್ತ್ರಿ ಸೇರಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಿದ್ದೆವು. ನಡುವೆ ನೂರು ಅಡಿಗೆ ನೂರು ಅಡಿ ಬಯಲು. ಮೂರು ಕಡೆ ಶಾಲೆಯ ಕೋಣೆಗಳು, ನಾಲ್ಕನೇ ಕಡೆ ಸಮುದಾಯ ಭವನ ಬರಬೇಕಿತ್ತು. ಅಷ್ಟರಲ್ಲಿ ತಲೆ ಮೇಲೆ ಕಟ್ಟಿಗೆ ಹೊರೆ ಹೊತ್ತ ಅಜ್ಜಿಯೊಬ್ಬರು ಹೊಲದ ಕಡೆಯಿಂದ ಬಂದರು. ನನ್ನ ಐದನೇ ಕ್ಲಾಸಿನ ಗೋಡೆ ದಾಟಿದರು. ಬಯಲನ್ನು ಮೂಲೆಯಿಂದ ಮೂಲೆಗೆ ಹಾದು, ಭವನದ ವೇದಿಕೆ ತುಳಿದು ರಸ್ತೆಗೆ ಇಳಿದರು. ಗೆರೆ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ.

ಮೇಸ್ತ್ರಿ ನಕ್ಕ. "ಸರ, ಆ ದಾರಿ ನಮ್ಮಜ್ಜನ ಕಾಲದ್ದರಿ. ಹೊಲಕ್ಕ ಹೋಗೋರೆಲ್ಲಾ ಹಿಂಗ ಹೋಗ್ತಾರ."

ನಾನು ಆರ್ಕಿಟೆಕ್ಟ್. ಈ ಜಾಗಕ್ಕೆ ಅದಕ್ಕೂ ಮೊದಲು ಎರಡು ಸಲ ಬಂದಿದ್ದೆ. ಎರಡೂ ಸಲ ಮಧ್ಯಾಹ್ನ ಬಂದು, ಫೋಟೋ ತೆಗೆದು, ಟೇಪ್ ಹಿಡಿದು, ಕತ್ತಲಾಗೋ ಮೊದಲು ಹೊರಟಿದ್ದೆ. ದಾರಿ ಕಂಡೇ ಇರಲಿಲ್ಲ. ತಲೆಯಲ್ಲಿದ್ದದ್ದು ಬೇರೆಯೇ. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಐಐಎಂ ನೋಡಿ ಮರುಳಾದವನು ನಾನು. ಬಿ.ವಿ. ದೋಶಿ ಅವರ ವಿನ್ಯಾಸ. ಕಲ್ಲಿನ ಗೋಡೆ, ಉದ್ದುದ್ದ ಓಣಿಗಳು, ಅಂಗಳದಿಂದ ಅಂಗಳಕ್ಕೆ ನೆರಳು ಬಿಸಿಲಿನ ಆಟ. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು, ಭಾರತದವರಿಗೆ ಮೊದಲ ಸಲ. ನನ್ನ ಚೌಕವೂ ಹಾಗೇ ಚಂದ ಕಾಣಬೇಕು ಅಂತ ಆಸೆ. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಲಗ್ನ ನಡೆಯೋದಿಲ್ಲ ಅಲ್ವಾ?

ಗೆರೆ ಹಾಕೋದು ನಿಲ್ಲಿಸಿ, ಸಂಜೆ ಊರಬಾಗಿಲ ಅಗಸಿ ಕಟ್ಟೆಯ ಮೇಲೆ ನಕ್ಷೆ ಹರಡಿ ಕೂತೆವು. ನಾನು ಉತ್ಸಾಹದಲ್ಲಿ ವಿವರಿಸುತ್ತಿದ್ದೆ. ಬಿಸಿಯೂಟದ ಅಡುಗೆ ಮಾಡುವ ಅಕ್ಕ ಒಬ್ಬರು ಮೂಲೆಯಲ್ಲಿ ಸುಮ್ನೆ ನಿಂತಿದ್ದರು. ಮಾತು ಮುಗಿದ ಮೇಲೆ ಕೇಳಿದರು, "ಅಡಿಗಿ ಮನಿ ಯಾವ ಕಡೆ ಐತ್ರಿ ಸರ?"

ಪಡುವಣ ದಿಕ್ಕಿಗೆ ಇಟ್ಟಿದ್ದೆ. ಆ ಕಡೆ ಬಿಸಿಲು ಜಾಸ್ತಿ, ಅದಕ್ಕೇ ಅಲ್ಲಿ ಕ್ಲಾಸ್ ಬೇಡ, ಅಡುಗೆಮನೆ ಮತ್ತು ಸ್ಟೋರ್ ಇರಲಿ ಅಂತ ಲೆಕ್ಕ. ಪುಸ್ತಕದ ಪ್ರಕಾರ ಸರಿಯೇ.

"ಮಳೆಗಾಲದಾಗ ಗಾಳಿ ಅತ್ತಾಗಿಂದನ ಬರ್ತೈತಲ್ರಿ. ಒಗ್ಗರಣಿ ಹಾಕಿದ್ರ ಹುಡುಗರೆಲ್ಲಾ ಕೆಮ್ಮಿ ಕೆಮ್ಮಿ ಸಾಯ್ತಾವ."

ನಾಚಿಕೆಯಾಯಿತು. ಬರುವ ದಾರಿಯಲ್ಲೇ ಕಪ್ಪತಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರ ನೋಡಿಕೊಂಡು ಬಂದಿದ್ದೆ. ಅವು ಅಲ್ಲಿ ಯಾಕೆ ನಿಂತಿವೆ ಅಂತ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಶಾಲೆ ಶುರುವಾಗುವುದೂ ಆಗಲೇ. ಮೂರು ಕಡೆ ಗೋಡೆ ಇರುವ ಅಂಗಳಕ್ಕೆ ಮೆಣಸಿನಕಾಯಿ ಘಾಟು ನುಗ್ಗಿದರೆ ಬೇಗ ಹೊರಗೆ ಹೋಗೋದಿಲ್ಲ.

ಅಡುಗೆಮನೆಯನ್ನು ಆಗ್ನೇಯ ಮೂಲೆಗೆ ತಂದು, ಚೌಕದ ಗೆರೆಯಿಂದ ಆಚೆಗೆ, ಪೂರ್ವಕ್ಕೆ ಚಾಚಿಕೊಂಡಂತೆ ಕೂರಿಸಿದೆವು. ಘಾಟು ಈಗ ಹೊಲದ ಕಡೆ ಹೋಗುತ್ತದೆ. ವಾಸ್ತು ನೋಡುವ ಹಿರಿಯರಿಗೂ ಖುಷಿ, ಆಗ್ನೇಯ ಅಂದರೆ ಬೆಂಕಿಯ ಜಾಗ. ಅವರು ನಾನೇ ವಾಸ್ತು ತಿಳಿದವನು ಅಂದುಕೊಂಡರು. ನಾನೂ ಬಾಯಿ ಬಿಡಲಿಲ್ಲ.

ಆದರೆ ನಿಜವಾದ ಜಗಳ ನಡೆದದ್ದು ಭವನದ ಬಾಗಿಲಿನ ಮೇಲೆ. ನನ್ನ ನಕ್ಷೆಯಲ್ಲಿ ಅದರ ಮುಖ್ಯ ಬಾಗಿಲು ಬಯಲಿನ ಕಡೆಗಿತ್ತು. ಶಾಲೆ, ಊರು ಒಂದೇ ಅಂಗಳದಲ್ಲಿ ಮುಖಾಮುಖಿ ಆಗಲಿ ಅನ್ನೋದು ಕಲ್ಪನೆ. ಹೇಳೋಕೆ ಚೆನ್ನಾಗಿದೆ. ಹೆಡ್‌ಮಾಸ್ಟರ್ ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ಮುಹೂರ್ತ ಭಾನುವಾರ ನೋಡಿ ಬರೋದಿಲ್ಲ ನೋಡ್ರಿ. ಬುಧವಾರ ಲಗ್ನ ಇದ್ದರೆ ಐನೂರು ಮಂದಿ ನನ್ನ ಮಕ್ಕಳ ನಡುವೆ ಹಾಯ್ದು ಹೋಗಬೇಕೇನು?" ಅವರ ಮಾತಿಗೆ ಕಾನೂನಿನ ಬಲವೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಏನೇನು ಬೇಕು ಅಂತ ಪಟ್ಟಿ ಕೊಡುತ್ತದೆ. ಶಿಕ್ಷಕರಿಗೊಂದರಂತೆ ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಬಯಲು. ಅದರಲ್ಲಿ ಕಾಂಪೌಂಡ್ ಗೋಡೆ ಇಲ್ಲವೇ ಬೇಲಿಯೂ ಇದೆ. ಊರಿಗೆಲ್ಲ ತೆರೆದಿಟ್ಟ ಅಂಗಳಕ್ಕೆ ಕಾಂಪೌಂಡ್ ಎಲ್ಲಿಂದ ಬರಬೇಕು?

ಆ ರಾತ್ರಿ ಲಾಡ್ಜ್‌ನಲ್ಲಿ ಕೂತು, ನಕ್ಷೆ ಪಕ್ಕಕ್ಕಿಟ್ಟು, ಒಂದು ಹಾಳೆಯಲ್ಲಿ ಹೊತ್ತು ಬರೆದೆ. ಬೆಳಿಗ್ಗೆ ಒಂಬತ್ತೂವರೆಗೆ ಪ್ರಾರ್ಥನೆ. ಮಧ್ಯಾಹ್ನ ಊಟದ ಸಾಲು. ಸಂಜೆ ವಾಲಿಬಾಲ್. ರಾತ್ರಿ ಬಯಲಾಟ ಇದ್ದರೆ ಕೌದಿ ಹಾಸಿ ಕೂರುವ ಮಂದಿ. ಇನ್ನೊಂದು ಕಡೆ ತಿಂಗಳು ಬರೆದೆ. ಮಾರ್ಚ್ ಪರೀಕ್ಷೆ, ಮೇ ಲಗ್ನ, ಆಗಸ್ಟ್ 15ರ ಧ್ವಜ. ಜಾಗ ಒಂದೇ, ಬರುವವರು ಬೇರೆ ಬೇರೆ. ಹನ್ನೆರಡು ವರ್ಷದ ಕೆಲಸದಲ್ಲಿ ನಾನು ಮಾಡಿರದ ನಕ್ಷೆ ಅದು. ಈಗ ಎಲ್ಲ ಕೆಲಸಕ್ಕೂ ಅದನ್ನೇ ಮೊದಲು ಮಾಡುತ್ತೇನೆ.

ಭವನದ ಬೆನ್ನು ಮುಖ ತಿರುಗಿಸಿದೆವು. ಮುಖ್ಯ ಬಾಗಿಲು ದಕ್ಷಿಣಕ್ಕೆ, ರಸ್ತೆ ಕಡೆಗೆ. ಲಗ್ನದ ಒಲೆ, ನೀರಿನ ಟ್ಯಾಂಕರ್, ಪಾತ್ರೆ ತರುವ ಟ್ರ್ಯಾಕ್ಟರ್ ಎಲ್ಲ ಆ ಕಡೆಯೇ. ಬಯಲಿನ ಕಡೆ ಉದ್ದಕ್ಕೂ ಎರಡೂವರೆ ಅಡಿ ಎತ್ತರದ ಪಡಸಾಲೆ. ಅದಕ್ಕೂ ಸಭಾಂಗಣಕ್ಕೂ ನಡುವೆ ಮಡಚುವ ಬಾಗಿಲು, ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ. ಶಾಲೆ ಇರುವಾಗ ಮುಚ್ಚಿರುತ್ತದೆ. ಬಯಲಾಟಕ್ಕೆ, ಶಾಲೆಯ ಗ್ಯಾದರಿಂಗ್‌ಗೆ ಪಡಸಾಲೆಯೇ ಸ್ಟೇಜ್, ಒಳಗಿನ ಹಾಲ್ ವೇಷ ಹಾಕುವ ಚೌಕಿ. ಗಾಲಿಕುರ್ಚಿಗೆ ರ್ಯಾಂಪ್ ಬೇಕಿತ್ತು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ, ಅಂದರೆ ಮೂವತ್ತು ಅಡಿ. ದುಡ್ಡು ಕೊಡುವವರು ಗೊಣಗಿದರು. ಇವತ್ತು ಆ ರ್ಯಾಂಪಿನ ಗೋಡೆ ಮೇಲೆ ಸಂಜೆ ಅಜ್ಜಂದಿರು ಕೂರುತ್ತಾರೆ. ಕಟ್ಟೆ ಬೇರೆ ಕಟ್ಟಬೇಕಾಗಲಿಲ್ಲ.

ಒಂದು ತಪ್ಪು ಮಾತ್ರ ಕಟ್ಟಿದ ಮೇಲೆ ಗೊತ್ತಾಯಿತು. ಪಡಸಾಲೆ ಉತ್ತರಕ್ಕೆ ಮುಖ ಮಾಡಿದೆ, ಬಿಸಿಲಿನ ಕಾಟ ಇಲ್ಲ ಅಂತ ಛಜ್ಜಾ ಚಿಕ್ಕದು ಮಾಡಿದ್ದೆ. ಗದಗ ಇರೋದು ಹದಿನೈದೂವರೆ ಡಿಗ್ರಿ ಅಕ್ಷಾಂಶದ ಹತ್ತಿರ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಸಂಜೆ ನಾಲ್ಕೂವರೆಗೆ ಓರೆಯಾಗಿ ಒಳಗೆ ಬರುತ್ತಾನೆ. ಮೊದಲ ಲಗ್ನದ ಆರತಕ್ಷತೆಗೆ ಹುಡುಗ ಹುಡುಗಿ ಅಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಫೋಟೋಗ್ರಾಫರ್ ನನ್ನನ್ನು ನೋಡಿ, "ಯಾರ್ರೀ ಇದನ್ನ ಕಟ್ಟಿದ್ದು?" ಅಂದ. ಮುಂದಿನ ವರ್ಷ ಬಿದಿರಿನ ಪರದೆ ಹಾಕಿಸಿದೆವು.

ಬಯಲಿಗೆ ಶಹಾಬಾದ್ ಕಲ್ಲು ಹಾಸಬೇಕು ಅಂತಿತ್ತು. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುತ್ತದೆ. ಕಲ್ಲು ಮೂರೇ ವರ್ಷಕ್ಕೆ ಏರುಪೇರಾಗುತ್ತಿತ್ತು. ಅದಕ್ಕಿಂತ ದೊಡ್ಡ ಪ್ರಶ್ನೆ ಪೆಂಡಾಲಿನವನದು: "ಕಲ್ಲು ಹಾಸಿದ್ರ ಕಂಬ ಎಲ್ಲಿ ಹೂಳ್ಲಿ ಸರ?" ಮೇಲಿನ ಎರೆಮಣ್ಣು ತೆಗೆದು ಗರಸು, ಅಂದರೆ ಕಲ್ಲು ಬೆರೆತ ಮಣ್ಣು, ತುಂಬಿ ದಮ್ಮಸ್ ಮಾಡಿದೆವು. ಕಲ್ಲು ಅಂಚಿಗೆ ಮಾತ್ರ. ಪೆಂಡಾಲಿಗೆ ಅಂತ ಹದಿನಾರು ಕಡೆ ಕಬ್ಬಿಣದ ಪೈಪಿನ ತುಂಡು ಹೂತು ಮುಚ್ಚಳ ಹಾಕಿದೆವು. ಆ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೋದ ಡಿಸೆಂಬರ್‌ನಲ್ಲಿ ಹೋಗಿದ್ದೆ. ಹದಿನಾರರಲ್ಲಿ ಒಂದೂ ಮುಚ್ಚಳ ಇಲ್ಲ. ಪೈಪಿನ ತುಂಬ ಗೋಲಿ, ಹುಣಸೆಬೀಜ, ಪೆನ್ನಿನ ಕ್ಯಾಪು. ಪೆಂಡಾಲಿನವನು ಈಗ ಕಂಬದ ಜೊತೆ ಒಂದು ಉದ್ದನೆ ಕಬ್ಬಿಣದ ಸರಳೂ ತರುತ್ತಾನಂತೆ, ಕೆದಕಿ ತೆಗೆಯೋಕೆ. ಸಿಕ್ಕ ಗೋಲಿ ಮಕ್ಕಳಿಗೆ ವಾಪಸ್.

ಅಜ್ಜಿಯ ದಾರಿಗೆ ಕಾಂಪೌಂಡಿನ ಹೊರಗೆ ಆರಡಿ ಅಗಲದ ಓಣಿ ಬಿಟ್ಟಿದ್ದೇವೆ. ಸ್ವಲ್ಪ ಸುತ್ತು. ಶಾಲೆ ಇರುವಾಗ ಮಂದಿ ಅಲ್ಲೇ ಹೋಗುತ್ತಾರೆ. ಭಾನುವಾರ ಗೇಟು ತೆರೆದಿದ್ದರೆ ಮಾತ್ರ ಮೂಲೆಯಿಂದ ಮೂಲೆಗೇ. ಗರಸಿನ ಮೇಲೆ ಸವೆದ ಗೆರೆ ಈಗಲೇ ಕಾಣುತ್ತದೆ.