ಜೋಂಬಿ ಬಂದರೆ ಕೈಯಲ್ಲಿ ಏನಿರಬೇಕು?

ಭಾನುವಾರ ಬೆಳಿಗ್ಗೆ ತುಮಕೂರಿನ ನಮ್ಮ ಬಡಾವಣೆಯ ಮೈದಾನದಲ್ಲಿ ನಾನು ಹುಡುಗ ಹುಡುಗಿಯರಿಗೆ ದೊಣ್ಣೆವರಸೆ ಹೇಳಿಕೊಡುತ್ತೇನೆ. ಅಭ್ಯಾಸ ಮುಗಿದು ಎಲ್ಲರೂ ಬೇವಿನ ಮರದ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ಕುಳಿತಾಗ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆಯೊಂದಿದೆ: "ಸಾರ್, ನಾಳೆ ಜೋಂಬಿಗಳು ಬಂದುಬಿಟ್ರೆ ನೀವು ಕೈಗೆ ಏನು ತಗೋತೀರಾ?" ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಿಗಳು ಇದನ್ನು ಕೇಳಿದ್ದಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತ ನೆಂಟರೂ ಕೇಳಿದ್ದಾರೆ. ಪ್ರತಿ ಸಲವೂ ಎರಡು ಮಾತಿನಲ್ಲಿ ಉತ್ತರ ಹೇಳಿ ಎದ್ದು ಬಂದಿದ್ದೇನೆ. ಪ್ರಶ್ನೆ ಕಲ್ಪನೆಯದಾದರೂ ಅದಕ್ಕೆ ಬೇಕಾದ ಯೋಚನೆ ಕಲ್ಪನೆಯದಲ್ಲವೆಂದು ನನಗೆ ಅನ್ನಿಸಿರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಎದುರಾಳಿ ಎಂಥವನೆಂಬುದು ಸ್ಪಷ್ಟವಾಗಬೇಕು. ಕಥೆಗಳು ಕಟ್ಟಿಕೊಟ್ಟಿರುವ ಜೋಂಬಿಗೆ ನೋವಿನ ಅರಿವಿಲ್ಲ, ದಣಿವಿಲ್ಲ, ಭಯವಿಲ್ಲ. ಅದು ಕಚ್ಚಿದರೆ ಕಚ್ಚಿಸಿಕೊಂಡವರೂ ಅದರಂತೆಯೇ ಆಗುತ್ತಾರೆ. ತಲೆಗೆ ಪೆಟ್ಟು ಬೀಳುವವರೆಗೆ ಅದು ನಿಲ್ಲುವುದಿಲ್ಲ. ಮತ್ತು ಅದು ಒಂಟಿಯಾಗಿ ಬರುವುದಿಲ್ಲ. ಇದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನೋವಿಲ್ಲದಿರುವಿಕೆ. ನಾವು ಕಲಿಯುವ ವರಸೆಗಳಲ್ಲಿ ಅರ್ಧಕ್ಕರ್ಧ ನೋವನ್ನೇ ನಂಬಿಕೊಂಡಿವೆ. ಮಣಿಕಟ್ಟಿಗೆ ಬಿದ್ದರೆ ಎದುರಾಳಿಯ ಕೈಯಲ್ಲಿದ್ದದ್ದು ಜಾರುತ್ತದೆ, ಮೊಣಕಾಲಿನ ಕೆಳಗಿನ ಎಲುಬಿಗೆ ತಗುಲಿದರೆ ಅವನು ಹಿಂದೆ ಸರಿಯುತ್ತಾನೆ. ನೋವೇ ಇಲ್ಲದ ದೇಹದ ಮುಂದೆ ಇವೆಲ್ಲ ವ್ಯರ್ಥ. ಅಲ್ಲಿ ಲೆಕ್ಕಕ್ಕೆ ಬರುವುದು ಎರಡೇ: ಅದನ್ನು ದೂರದಲ್ಲಿಯೇ ತಡೆಯುವುದು ಮತ್ತು ಅದರ ಕಾಲಿನ ಆಯ ತಪ್ಪಿಸಿ ನೆಲಕ್ಕೆ ಕೆಡಹುವುದು.

ದೂರ ಏಕೆ ಮುಖ್ಯವೆಂಬುದನ್ನು ತಿಳಿಯಲು ಕಥೆಯವರೆಗೂ ಹೋಗಬೇಕಾಗಿಲ್ಲ. ಹುಚ್ಚುನಾಯಿಯ ಜೊಲ್ಲಿನಿಂದ ಹರಡುವ ರೇಬೀಸ್ ನಮ್ಮ ನಡುವೆಯೇ ಇದೆ. ಅದರ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪವಾದ್ದರಿಂದಲೇ, ಕಚ್ಚಿದ ಗಾಯವನ್ನು ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಿಕೊಳ್ಳಬೇಕೆಂದು ವೈದ್ಯರು ಒತ್ತಿ ಹೇಳುತ್ತಾರೆ. ಚರ್ಮದ ಗೀರಿಗೆ, ಕಣ್ಣಿಗೆ, ಬಾಯಿಗೆ ಜೊಲ್ಲು ಸೋಕಿದರೂ ಅಪಾಯವಿದೆ. ಇಂಥ ರೋಗವನ್ನು ಹೊತ್ತ ದೇಹವನ್ನು ಒಂದು ಮೊಳದ ಅಂತರದಲ್ಲಿ ನಿಂತು ಕಡಿಯುವುದೆಂದರೆ ರಕ್ತವನ್ನು ನಮ್ಮ ಮುಖಕ್ಕೆ ನಾವೇ ಎರಚಿಕೊಂಡಂತೆ.

ಹಾಗಿದ್ದರೂ ಹೆಚ್ಚಿನವರ ಮೊದಲ ಆಯ್ಕೆ ಮಚ್ಚೇ ಆಗಿರುತ್ತದೆ. ತೆಂಗಿನ ಸೀಮೆಯವರಾದ ನಮಗೆ ಅದು ಸಹಜವೂ ಹೌದು. ಮಚ್ಚಿಲ್ಲದ ಮನೆ ನಮ್ಮ ಕಡೆ ಇಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಾದರೆ ಬಿ.ಎಚ್. ರಸ್ತೆಯ ಪಕ್ಕದಲ್ಲಿ ಎಳನೀರು ಕೊಚ್ಚುವವರ ಹತ್ತಿರ ಹತ್ತು ನಿಮಿಷ ನಿಂತರೆ ಸಾಕು. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಓರೆಯಾಗಿ ಮೂರು ಏಟು, ಪ್ರತಿ ಏಟಿಗೂ ಕಾಯಿಯನ್ನು ಅಷ್ಟಷ್ಟೇ ತಿರುಗಿಸುವುದು, ಕೊನೆಗೆ ಮಚ್ಚಿನ ತುದಿಯಿಂದ ಕಣ್ಣು ಬಿಡಿಸುವುದು. ಆ ಓರೆ ತಪ್ಪಿ ಅಲಗು ನೇರವಾಗಿ ಬಿದ್ದರೆ ಅದು ಮಟ್ಟೆಯಲ್ಲಿ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡಾಗ ಏನು ಮಾಡಬೇಕೆಂದು ಕೇಳಿದ್ದಕ್ಕೆ, ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವ ಒಬ್ಬರು ನನಗೆ ಹೇಳಿದ್ದು: "ಎಳೀಬಾರ್ದು ಸಾರ್, ಕಾಯಿ ಸಮೇತ ಎತ್ತಿ ಕುಕ್ಕಬೇಕು." ತಲೆಬುರುಡೆಯ ಎಲುಬು ಸುಮಾರು 6ರಿಂದ 7 ಮಿಲಿಮೀಟರ್ ದಪ್ಪ, ಮೇಲಾಗಿ ದುಂಡು. ಓರೆಯಾಗಿ ಬಿದ್ದ ಅಲಗು ಅದರ ಮೇಲೆ ಜಾರುತ್ತದೆ, ನೇರವಾಗಿ ಬಿದ್ದದ್ದು ಸಿಕ್ಕಿಕೊಳ್ಳುತ್ತದೆ. ಕಾಯಿಯನ್ನಾದರೆ ಎತ್ತಿ ಕುಕ್ಕಬಹುದು. ಐವತ್ತು ಅರುವತ್ತು ಕಿಲೋ ತೂಕದ ದೇಹವನ್ನು ಎತ್ತಿ ಕುಕ್ಕುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಬಂದು ನಿಂತಿರುತ್ತದೆ.

ಕೊಡಲಿಯ ದೋಷವೂ ಇದೇ. ಕುಡುಗೋಲಂತೂ ತನ್ನ ಕಡೆಗೆ ಎಳೆದು ಕೊಯ್ಯುವ ಸಾಧನ. ಯಾವುದು ದೂರವಿರಬೇಕೋ ಅದನ್ನೇ ಹತ್ತಿರಕ್ಕೆ ಎಳೆದುಕೊಳ್ಳುವುದು ಸರಿಯಲ್ಲ.

ಬಲಶಾಲಿ ಹುಡುಗರು ಹಾರೆಯ ಹೆಸರು ಹೇಳುತ್ತಾರೆ. ಐದಡಿ ಉದ್ದದ, ಒಂದು ಅಂಗುಲ ದಪ್ಪದ ಹಾರೆ ಸುಮಾರು 6 ಕಿಲೋ ತೂಗುತ್ತದೆ. ಗುಂಡಿ ತೋಡುವಾಗ ಅದನ್ನು ಎತ್ತುವುದಷ್ಟೇ ನಮ್ಮ ಕೆಲಸ, ಇಳಿಸುವುದನ್ನು ಭೂಮಿಯೇ ಮಾಡುತ್ತದೆ. ಅಡ್ಡಡ್ಡ ಬೀಸಬೇಕಾದಾಗ ಭೂಮಿಯ ಸಹಾಯ ಸಿಗುವುದಿಲ್ಲ. ಬೀಸುವುದನ್ನೂ ಬೀಸಿದ್ದನ್ನು ತಡೆದು ಹಿಂದಕ್ಕೆ ತರುವುದನ್ನೂ ನಮ್ಮ ರಟ್ಟೆಯೇ ಮಾಡಬೇಕು. ಇಲ್ಲಿ ಶಾಲೆಯಲ್ಲಿ ಓದಿದ ಒಂದು ಸಂಗತಿಯನ್ನು ನೆನಪಿಸಿಕೊಳ್ಳಬೇಕು: ಏಟಿನ ಶಕ್ತಿ ತೂಕ ಹೆಚ್ಚಿದಷ್ಟೇ ಹೆಚ್ಚುತ್ತದೆ, ಆದರೆ ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಒಂದು ಕಿಲೋದ ಆಸುಪಾಸಿನ ಉದ್ದನೆಯ ಕೋಲಿನ ತುದಿ ಹಾರೆಯ ತುದಿಗಿಂತ ಎಷ್ಟೋ ವೇಗವಾಗಿ ಚಲಿಸುತ್ತದೆ, ಮತ್ತು ನೂರನೆಯ ಏಟಿಗೂ ಅದು ಕೈಯಲ್ಲಿ ಉಳಿದಿರುತ್ತದೆ.

ನನ್ನ ಉತ್ತರ ಇದು: ನಿಂತಾಗ ತಲೆಯಿಂದ ಒಂದು ಗೇಣು ಮೇಲಿರುವ, ಒಳಗೆ ಟೊಳ್ಳಿಲ್ಲದ ಗಟ್ಟಿ ಬಿದಿರಿನ ಕೋಲು, ಅದರ ಒಂದು ತುದಿಗೆ ಕಬ್ಬಿಣದ ಅಣಸು, ಅಂದರೆ ತುದಿಗೆ ಬಿಗಿಯಾಗಿ ತೊಡಿಸುವ ಬಳೆ. ಅಭ್ಯಾಸಕ್ಕೆ ನಾವು ಕಿವಿಯ ಮಟ್ಟದ ದೊಣ್ಣೆ ಬಳಸುತ್ತೇವೆ. ಈ ಕೆಲಸಕ್ಕೆ ಆ ಹೆಚ್ಚಿನ ಉದ್ದ ಬೇಕು. ಬಿದಿರಿನ ಬಲವೆಲ್ಲ ಹೊರಗಿನ ಸಿಪ್ಪೆಯ ಬದಿಯ ನಾರಿನಲ್ಲಿರುವುದರಿಂದ ಗಿಣ್ಣುಗಳನ್ನು ನುಣುಪು ಮಾಡುವ ಆಸೆಗೆ ಬಿದ್ದು ಮೇಲ್ಮೈಯನ್ನು ಹೆರೆಯಬಾರದು. ಬಿದಿರಿನಲ್ಲಿರುವ ಪಿಷ್ಟಕ್ಕೆ ಹುಳು ಹಿಡಿಯುತ್ತದೆ. ಕಡಿದ ಗಳವನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಅದು ಕರಗಿಹೋಗುತ್ತದೆ. ಆಮೇಲೆ ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಬೇಕು, ಬಿಸಿಲಿಗೆ ಹಾಕಿದರೆ ಸೀಳು ಬಿಡುತ್ತದೆ. ಪೂರ್ತಿ ಒಣಗುವ ಮೊದಲು ಅಣಸು ಹಾಕಿಸಿದರೆ ಬಿದಿರು ಕುಗ್ಗಿದ ಮೇಲೆ ಅಣಸು ಸಡಿಲವಾಗಿ ಕಳಚಿ ಬೀಳುತ್ತದೆ. ನನ್ನ ಮೊದಲ ಕೋಲಿಗೆ ಹೀಗೆಯೇ ಆಯಿತು. ಹಿಡಿಯುವ ಎರಡು ಕಡೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದರೆ ಬೆವರಿನ ಕೈ ಜಾರುವುದಿಲ್ಲ.

ಬಳಸುವ ಕ್ರಮವೂ ಮೆರವಣಿಗೆಯಲ್ಲಿ ತಿರುಗಿಸಿದಂತಲ್ಲ. ಮೊದಲು ಕೋಲಿನ ತುದಿಯನ್ನು ಎದೆಗೆ ಒತ್ತಿ ತಡೆಯಬೇಕು, ತೋಳು ಚಾಚಿದರೂ ಅದರ ಕೈ ನಮ್ಮನ್ನು ಮುಟ್ಟದು. ಅದು ಮುಂದೆ ತಳ್ಳುತ್ತಿರುವಾಗಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮಂಡಿಯ ಹಿಂಬದಿಗೆ ಬೀಸಿದರೆ ಕಾಲು ತಾನಾಗಿ ಮಡಚಿಕೊಳ್ಳುತ್ತದೆ, ಅದಕ್ಕೆ ನೋವು ಬೇಕಾಗಿಲ್ಲ. ನೆಲಕ್ಕೆ ಬಿದ್ದ ಮೇಲೆ ಕೋಲನ್ನು ನೆಟ್ಟಗೆ ಹಿಡಿದು ಅಣಸಿನ ತುದಿಯಿಂದ ಕುಟ್ಟಬೇಕು. ಬೀಸುವುದು ಬೇಡ, ಕುಟ್ಟುವುದು.

ಕುಟ್ಟುವುದು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಮ್ಮ ನೆರೆಯ ಚಿತ್ರದುರ್ಗದ ಒನಕೆ ಓಬವ್ವ. 18ನೆಯ ಶತಮಾನದಲ್ಲಿ ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಿಂದ ನುಸುಳುತ್ತಿದ್ದಾಗ, ಕಾವಲುಗಾರನ ಹೆಂಡತಿಯಾದ ಆಕೆ ಒಬ್ಬೊಬ್ಬರನ್ನೇ ಒನಕೆಯಿಂದ ಹೊಡೆದುರುಳಿಸಿದಳು. ನಾವು ಆಕೆಯ ಧೈರ್ಯವನ್ನು ಹೊಗಳುತ್ತೇವೆ, ಆಕೆಯ ಆಯ್ಕೆಯನ್ನು ಅಷ್ಟು ಗಮನಿಸುವುದಿಲ್ಲ. ಆ ಕಿಂಡಿಯಲ್ಲಿ ಒಮ್ಮೆಗೆ ಒಬ್ಬನೇ ಬರಬಹುದಿತ್ತು, ಅದೂ ತಲೆ ಮುಂದೆ ಮಾಡಿ ಬಗ್ಗಿ ಬರಬೇಕಿತ್ತು. ಒನಕೆಯನ್ನು ನೆಟ್ಟಗೆ ಎತ್ತಿ ಇಳಿಸುವ ಚಲನೆ ಭತ್ತ ಕುಟ್ಟಿದ ಕೈಗೆ ವರ್ಷಗಳಿಂದ ಒಗ್ಗಿದ್ದು, ಹೊಸದಾಗಿ ಕಲಿಯಬೇಕಾದ್ದೇನೂ ಇರಲಿಲ್ಲ. ಸಾಧನ, ಜಾಗ, ಕೈಯ ರೂಢಿ ಮೂರೂ ಒಂದಕ್ಕೊಂದು ಕೂಡಿಕೊಂಡವು. ಬಯಲಿನಲ್ಲಿ ಇಪ್ಪತ್ತು ಮಂದಿಯ ನಡುವೆ ಅದೇ ಒನಕೆ ಏನನ್ನೂ ಮಾಡಲಾರದು. ಹಾಗಾಗಿ ನನ್ನ ಶಿಷ್ಯರಿಗೆ ನಾನು ಹೇಳುವುದು, ಆಯುಧಕ್ಕಿಂತ ಮೊದಲು ನಿಮ್ಮ ಮನೆಯ ಕಿಂಡಿ ಯಾವುದೆಂದು ಹುಡುಕಿ: ಕಿರಿದಾದ ಓಣಿಯೋ, ಮಹಡಿ ಮೆಟ್ಟಿಲಿನ ತಿರುವೋ, ಹಿತ್ತಿಲ ಬಾಗಿಲೋ. ಮೆಟ್ಟಿಲ ಮೇಲಿನಿಂದ ಕೆಳಕ್ಕೆ ಒತ್ತುವ ಕೋಲಿಗೆ ಎರಡರಷ್ಟು ಬಲ ಬಂದಂತಾಗುತ್ತದೆ.

ಮನೆಯಲ್ಲಿ ಕತ್ತಿ, ಭರ್ಜಿ ಇಟ್ಟುಕೊಳ್ಳಬಹುದೇ ಎಂದೂ ಕೇಳುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿ, ಕಠಾರಿ, ಭರ್ಜಿಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸಿ, ಮನೆಗೆಲಸಕ್ಕೂ ಬೇಸಾಯಕ್ಕೂ ಮಾಡಿದ ಸಾಧನಗಳನ್ನು ಹೊರಗಿಟ್ಟಿವೆ. ತೋಟದ ಮಚ್ಚು ತೋಟದಲ್ಲಿರಲಿ. ಸೊಂಟದಲ್ಲಿ ಸಿಕ್ಕಿಸಿಕೊಂಡು ಪೇಟೆ ತಿರುಗುವುದು ಖಂಡಿತ ಬೇಡ.

ಇನ್ನೊಂದನ್ನೂ ಹೇಳಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2011ರಲ್ಲಿ ಜೋಂಬಿಗಳ ನೆಪದಲ್ಲಿ ಜನರಿಗೆ ಆಪತ್ತಿನ ಸಿದ್ಧತೆ ಕಲಿಸಲು ಒಂದು ಬರಹ ಪ್ರಕಟಿಸಿತ್ತು. ಅದರ ಪಟ್ಟಿಯಲ್ಲಿ ನೀರು, ಆಹಾರ, ಔಷಧಿ, ರೇಡಿಯೊ, ದಾಖಲೆ ಪತ್ರಗಳು, ಪ್ರಥಮ ಚಿಕಿತ್ಸೆಯ ಸಾಮಾನು ಇದ್ದವು; ಕಾದಾಟದ ಆಯುಧ ಇರಲಿಲ್ಲ. ನೀರು ತುಂಬಿಸಿಡದೆ ಕೋಲು ಮಾತ್ರ ಹಿಡಿದವನು ಮೂರನೆಯ ದಿನ ಕಿಂಡಿಯನ್ನು ಬಿಟ್ಟು ತಾನೇ ಹೊರಗೆ ಬರಬೇಕಾಗುತ್ತದೆ.

ಕಳೆದ ತಿಂಗಳು ಇದನ್ನೆಲ್ಲ ಮಾತಿನಲ್ಲಿ ಹೇಳುವ ಬದಲು ಬೇವಿನ ಕೊಂಬೆಗೆ ತೆಂಗಿನ ಮಟ್ಟೆ ತುಂಬಿದ ಗೋಣಿಚೀಲ ತೂಗುಹಾಕಿ, ಅವರವರ ಇಷ್ಟದ ಸಾಧನ ತರಲು ಹೇಳಿದೆ. ಹಾರೆ ತಂದ ಹುಡುಗ ಚೆನ್ನಾಗಿ ಕಸರತ್ತು ಮಾಡಿದವನು; ಹದಿನಾಲ್ಕನೆಯ ಏಟಿಗೆ ಭುಜ ಹಿಡಿದುಕೊಂಡು ಕುಳಿತ. ಕೊಡಲಿ ಎರಡನೆಯ ಏಟಿಗೇ ಗೋಣಿಯ ನೂಲಿನಲ್ಲಿ ಸಿಕ್ಕಿ ಇಡೀ ಚೀಲವನ್ನು ತೂಗಾಡಿಸಿತು. "ನನಗೆ ಭಾರ ಎತ್ತೋಕಾಗಲ್ಲ ಸಾರ್" ಎನ್ನುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಕೋಲು ಹಿಡಿದು, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಚೀಲವನ್ನು ಮೈಗೆ ಸೋಕಲು ಬಿಡಲಿಲ್ಲ. ಆದರೆ ಅವಳ ಕೋಲು ಅವಳ ಎತ್ತರಕ್ಕೆ ಉದ್ದವಾಗಿತ್ತು, ಹಿಂದಿನ ತುದಿ ಎರಡು ಸಲ ನೆಲಕ್ಕೆ ತಾಗಿತು.

ಅದಕ್ಕಾಗಿ ಮೇದರ ಅಂಗಡಿಯಿಂದ ಈ ಸಲ ಬೇರೆ ಬೇರೆ ಅಳತೆಯ ಹನ್ನೆರಡು ಗಟ್ಟಿ ಗಳಗಳನ್ನು ತಂದು ನೆನೆಹಾಕಿ, ಈಗ ನಮ್ಮ ತೋಟದ ಮನೆಯ ಅಟ್ಟದಲ್ಲಿ, ಕೊಬ್ಬರಿಗೆಂದು ಬಿಟ್ಟ ಕಾಯಿಗಳ ಪಕ್ಕದಲ್ಲಿ ಒಣಗಲು ಇಟ್ಟಿದ್ದೇನೆ. ಯುಗಾದಿ ಕಳೆದ ಮೇಲೆ ಕುಲುಮೆಗೆ ಒಯ್ದು ಅಣಸು ಹಾಕಿಸಬೇಕು. ಬೇಕಾದವರು ಗೋಡೆಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆಸಿಕೊಂಡು, ಅದಕ್ಕೆ ಒಂದು ಗೇಣು ಕೂಡಿಸಿ ಬರೆದುಕೊಂಡು ಬನ್ನಿ.