ವಾರಕ್ಕೆ ಮೂರೇ ದಿನ ಡ್ಯೂಟಿ
2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಮಡಿಕೇರಿ ಕಡೆಗೆ ಪ್ರವಾಸಿಗರು ಬರುವುದೇ ನಿಂತುಹೋಗಿತ್ತು. ನಾನಾಗ ಒಂದು ರೆಸಾರ್ಟ್‌ನ ಅಡುಗೆಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ನೋಡಿದರೆ, ಫ್ರಿಜ್ ಪಕ್ಕದ ಡ್ಯೂಟಿ ಚಾರ್ಟ್‌ನಲ್ಲಿ ನನ್ನ ಹೆಸರಿನ ಮುಂದೆ ಮೂರೇ ಟಿಕ್, ಉಳಿದ ದಿನಗಳಿಗೆ ಪೆನ್ಸಿಲ್ ಗೀಟು. ಸಂಬಳವೂ ಅರ್ಧ. ಕೆಲಸ ಹೋಗಲಿಲ್ಲವಲ್ಲ ಅಂತ ಸುಮ್ನೆ ಇದ್ದೆ.

ಜರ್ಮನಿಯಲ್ಲಿ ಇದಕ್ಕೆಂದೇ ‘ಕುರ್ಟ್ಸ್‌ಆರ್ಬೈಟ್’ ಅಂತ ವ್ಯವಸ್ಥೆ ಇದೆ. ಕೆಲಸದ ಗಂಟೆ ಕಡಿಮೆಯಾದರೆ, ಕೈಗೆ ಬರುವ ಸಂಬಳದಲ್ಲಿ ಎಷ್ಟು ಕಳೆದುಹೋಯಿತೋ ಅದರ ಶೇ. 60ರಷ್ಟನ್ನು ನಿರುದ್ಯೋಗ ವಿಮೆ ನಿಧಿಯಿಂದ ತುಂಬಿಕೊಡುತ್ತಾರೆ, ಮಕ್ಕಳಿದ್ದವರಿಗೆ ಶೇ. 67. ಅರ್ಜಿ ಹಾಕೋದು ಕಂಪನಿಯೇ, ಕೆಲಸಗಾರ ಅಲೆಯಬೇಕಿಲ್ಲ. ಕೊರೋನಾ ಕಾಲದಲ್ಲಿ ಬ್ರಿಟನ್ ಕೂಡ ಮನೆಯಲ್ಲಿ ಕೂತವರ ಸಂಬಳದ ಶೇ. 80ರವರೆಗೆ ಕೊಟ್ಟಿತ್ತು, ತಿಂಗಳಿಗೆ 2,500 ಪೌಂಡ್ ಮಿತಿ.

ನಮ್ಮಲ್ಲೂ ಲೇ-ಆಫ್ (ಕೆಲಸದಿಂದ ತೆಗೆಯದೆ, ಸ್ವಲ್ಪ ಕಾಲ ಕೆಲಸ ಕೊಡದಿರುವುದು) ಪರಿಹಾರ ಇದೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ. ಆದರೆ ಕೊಡಬೇಕಾದ್ದು ಮಾಲೀಕರು, ಸರ್ಕಾರ ಅಲ್ಲ. ಅದೂ 50 ಅಥವಾ ಜಾಸ್ತಿ ಜನ ಇರುವ ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ಅಂದರೆ ದೊಡ್ಡ ಕಾಫಿ ಎಸ್ಟೇಟಿನವರಿಗೆ ಉಂಟು, ಪಕ್ಕದ ರೆಸಾರ್ಟ್‌ನಲ್ಲಿ ಅದೇ ಕಾಫಿ ಸೋಸಿ ಕೊಡುತ್ತಿದ್ದ ನನಗಿಲ್ಲ. ವಿಚಿತ್ರ ಅಲ್ವಾ? ನಾನು ಆ ನಾಲ್ಕು ದಿನ ದೊಡ್ಡಪ್ಪನ ತೋಟದಲ್ಲಿ ಬಿದ್ದ ಮರ ಎಳೆದು ಹಾಕುತ್ತಿದ್ದೆ, ಊಟ ಅಲ್ಲೇ.