ಎರಡು ತೋಟಕ್ಕೂ ಒಂದೇ ಕಾವಲು

ನಮ್ಮ ಕಡೆ ಅಡಿಕೆ ತೋಟಕ್ಕೆ ಕಾಲಿಡುವ ಮೊದಲೇ ಒಂದು ಬೋರ್ಡು ಕಣ್ಣಿಗೆ ಬೀಳುತ್ತದೆ. ‘ಈ ತೋಟಕ್ಕೆ ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ.’ ಬೇಲಿ ಹಾರುವ ಧೈರ್ಯ ಇರುವ ಕಳ್ಳನೂ ಇದನ್ನು ಓದಿ ಒಮ್ಮೆ ನಿಲ್ಲುತ್ತಾನೆ. ನಮ್ಮ ತೋಟದ ಉಣಗೋಲಿನ, ಅಂದರೆ ಗಳುವಿನ ಗೇಟಿನ, ಪಕ್ಕ ಒಂದಿದೆ, ತುಕ್ಕು ಹಿಡಿದದ್ದು. ದರೆಯಾಚೆ ಪಕ್ಕದ ಮನೆಯವರ ತೋಟದಲ್ಲೂ ಅದೇ ಬೋರ್ಡು. ಸ್ವಲ್ಪ ಹೊಸದು, ಅಷ್ಟೇ ವ್ಯತ್ಯಾಸ.

ಹೋದ ಮಳೆಗಾಲ ನಮ್ಮ ತೋಟಕ್ಕೆ ಕೊಳೆ ರೋಗ ಬಂತು. ಬೆಳಿಗ್ಗೆ ಹೋದರೆ ಮರದ ಬುಡದ ತುಂಬ ಹಸಿ ಕಾಯಿ. ಕೈಗೆತ್ತಿಕೊಂಡರೆ ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಪ್ಪು ಹಸಿರು, ಮೇಲೆ ಬಿಳಿ ಬೂಸು. ಪಕ್ಕದ ತೋಟದಲ್ಲಿ ಮಾತ್ರ ಗೊನೆಗಳು ಗಟ್ಟಿಯಾಗಿ ನಿಂತಿದ್ದವು. ದೀಪಾವಳಿ ಹೊತ್ತಿಗೆ ಅವರ ಅಂಗಳಕ್ಕೆ ಹೊಸ ಕಾರು ಬಂತು. ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ದೇವಿಯ ಕೃಪೆ.’ (ಹಳೇ ಮೊಪೆಡ್ ಮೇಲೆ ಹೀಗೆ ಬರೆಸಿದವರನ್ನು ನಾನಂತೂ ನೋಡಿಲ್ಲ.)

ನನಗೆ ಹೊಟ್ಟೆಯೊಳಗೆ ಉರಿಯಿತು ಅನ್ನಿ. ಅಪ್ಪಯ್ಯನ ಹತ್ತಿರ ಹೇಳಿಯೂ ಬಿಟ್ಟೆ, “ಅವರಿಗೆ ದೇವಿ ಒಲಿದಳು, ನಮಗೆ ಮುನಿದಳು.”

ಅಪ್ಪಯ್ಯ ಕವಳ ಹಾಕುತ್ತಾ ಕೂತಿದ್ದರು. “ದೇವಿ ಅಲ್ಲ ಮಾರಾಯ, ಅವರಿಗೆ ಕೊನೆಗೌಡ ಒಲಿದ” ಅಂದರು.

ನಿಜವೇ. ಕೊನೆಗೌಡ ಅಂದರೆ ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಆಳು. ನೂರು ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಇಷ್ಟೇ ಬೋರ್ಡೋ, ಕೊಳೆಗೆ ಹೊಡೆಯುವ ಔಷಧಿ. ಮಳೆ ಹಿಡಿಯುವ ಮುಂಚೆ ಒಮ್ಮೆ ಹೊಡೆಯಬೇಕು, 40-45 ದಿನಕ್ಕೆ ಇನ್ನೊಮ್ಮೆ. ಎರಡನೇ ಸಲಕ್ಕೆ ಮರ ಹತ್ತುವವನೇ ನಮಗೆ ಸಿಗಲಿಲ್ಲ. ಸಿಕ್ಕಾಗ ಮಳೆ ಬಿಡಲಿಲ್ಲ. ಪಕ್ಕದವರು ಆಳಿಗೆ ಮೊದಲೇ ಮುಂಗಡ ಕೊಟ್ಟಿದ್ದರು. ಇದರಲ್ಲಿ ದೇವಿಯನ್ನು ಎಳೆದು ತರುವುದು ಅವಳಿಗೆ ಮಾಡುವ ಅವಮಾನ ಅಲ್ವಾ? ಮುಂಗಡ ಕೊಡಲು ದುಡ್ಡಿದ್ದವರ ಕಡೆಗೇ ಯಾವಾಗಲೂ ವಾಲುವ ದೇವಿಯಾದರೆ ಅವಳಿಗೂ ಅಡಿಕೆ ಮಂಡಿ ಸಾಹುಕಾರನಿಗೂ ಏನು ವ್ಯತ್ಯಾಸ?

ಕೊಯ್ಲು ಮುಗಿದ ಮೇಲೆ ಸಿಗಂದೂರಿಗೆ ಹೊರಟೆವು. ಕೊಯ್ಲು ಅಂತ ಹೆಸರಿಗೆ. ಮೊದಲಾದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆಯಿತು, 2 ಕಿ.ಮೀ.ಗೂ ಉದ್ದ. ಕಾರು ಸುಮ್ನೆ ದಾಟಿಬಿಡುತ್ತದೆ. ಅಪ್ಪಯ್ಯ ಮಾತ್ರ ಕಿಟಕಿ ಇಳಿಸಿ ನೀರನ್ನೇ ನೋಡುತ್ತಿದ್ದರು. “ಇದರಡಿ ಎಂಥಾ ಗದ್ದೆಗಳಿದ್ದವು ಗೊತ್ತನಾ?”

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯ ಊರುಗಳು ಮುಳುಗಿದವು. ನಾಡಿಗೆಲ್ಲ ಕರೆಂಟು ಸಿಕ್ಕಿತು. ಮನೆ ಬಿಟ್ಟವರು ಕೋಣ, ಎಮ್ಮೆ, ಪಾತ್ರೆ ಪಗಡೆ ಕಟ್ಟಿಕೊಂಡು ಕಾಡು ಸೇರಿದರು. ಅವರೂ ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಇಟ್ಟವರೇ. ಮನೆದೇವರಿಗೆ ತಪ್ಪದೆ ಕಾಯಿ ಒಡೆದವರೇ. ಫಸಲು, ಕಾರು ದೇವರ ಮೆಚ್ಚುಗೆಯ ಗುರುತಾದರೆ ಇವರಿಗೆ ಬಂದದ್ದು ಏನು, ಶಿಕ್ಷೆಯೇ? ಯಾವ ತಪ್ಪಿಗೆ? ಹಾಗೆ ಹೇಳುವ ನಾಲಿಗೆ ನನಗಿಲ್ಲ. ಹಾಗಾದರೆ ಪಕ್ಕದವರ ಗೊನೆ ನೋಡಿ ‘ಒಲಿದಳು’ ಅನ್ನುವ ನಾಲಿಗೆಯೂ ಇರಬಾರದಿತ್ತು.

ಗುಡಿಯಲ್ಲಿ ಜನ ಜಾಸ್ತಿ ಇತ್ತು. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಸೆರಗಿನ ಗಂಟು ಬಿಚ್ಚಿ ನೋಟೊಂದನ್ನು ಹಸ್ತದ ಮೇಲಿಟ್ಟು ನೆರಿಗೆ ಬಿಡಿಸುತ್ತಿದ್ದಳು. ಹತ್ತು ರೂಪಾಯಿ. ಹುಂಡಿಗೆ ಹಾಕಿ ಎರಡೂ ಕೈ ಮುಗಿದಳು. ತುಟಿ ಅಲ್ಲಾಡಲಿಲ್ಲ. ನಾನು ದಾರಿಯುದ್ದಕ್ಕೂ ಬೇಡಿಕೆಯ ಪಟ್ಟಿ ಮಾಡಿಕೊಂಡು ಬಂದಿದ್ದೆ. ಅವಳ ಹಿಂದೆ ನಿಂತು ಅರ್ಧ ಮರೆತೆ.

ಹೊರಗೆ ಬಂದು ಅಪ್ಪಯ್ಯನನ್ನು ಕೇಳಿದೆ, “ಏನು ಬೇಡಿಕೊಂಡೆ?”

“ಬೇಡೋದೇನು, ಬಂದಿದೀನಿ ಅಂದೆ.”

ಮನೆ ಮುಟ್ಟುವಾಗ ಸಂಜೆ. ಉಣಗೋಲಿನ ಹತ್ತಿರ ಬೋರ್ಡು ಗಾಳಿಗೆ ವಾಲಿತ್ತು. ಅಪ್ಪಯ್ಯ ಕಾರಿಳಿದವರೇ ಒಂದು ಕಲ್ಲು ಹೆಕ್ಕಿ ಮೊಳೆ ಬಡಿಯತೊಡಗಿದರು.

“ಫಸಲೇ ಹೋಯ್ತು, ಇನ್ನು ಕಾವಲು ಯಾಕೆ ಅಪ್ಪಯ್ಯಾ?”

“ಮರ ಇದಾವಲ್ಲನಾ” ಅಂದರು.